ಕಟಕಟೆಯಲ್ಲಿ ಕೇಳಿದ ತೆಲುಗು

ಅಪ್ಪ ತೀರಿಕೊಂಡ ಮೇಲೆ ಅವರು ಗುಮಾಸ್ತರಾಗಿದ್ದ ಕೋರ್ಟಿನಲ್ಲೇ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆ ಮುಳಬಾಗಿಲಿನಲ್ಲಿ, ಕೋರ್ಟು ಆಂಧ್ರದ ಗಡಿಗೆ ಹತ್ತಿರದ ಇನ್ನೊಂದು ಊರಿನಲ್ಲಿ. ಆ ಊರಿನ ಹೆಸರು ಇಲ್ಲಿ ಬೇಡ. ಅಲ್ಲಿ ನಡೆದದ್ದು ನಮ್ಮ ಸೀಮೆಯ ಯಾವ ಊರಿನಲ್ಲಾದರೂ ನಡೆಯಬಹುದಾಗಿತ್ತು.

ಬೆಳಿಗ್ಗೆ ಪೊಲೀಸರು ಕರೆತಂದವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತಿದ್ದರು. ಮ್ಯಾಜಿಸ್ಟ್ರೇಟರು ತಲೆಯೆತ್ತದೆ ಏನೋ ಕೇಳುವರು, ಪಕ್ಕದಲ್ಲಿದ್ದ ಪೊಲೀಸಿನವನೇ ಉತ್ತರ ಹೇಳುವನು. ನಾನು ಟೈಪು ಮಾಡುತ್ತಿದ್ದ ಸಾಲು ಯಾವಾಗಲೂ ಒಂದೇ: ಆರೋಪಿಯು ಪೊಲೀಸರ ಮೇಲೆ ಯಾವ ದೂರನ್ನೂ ಹೇಳಲಿಲ್ಲ. ಸ್ವಲ್ಪ ದಿನ ಕಳೆಯುವಷ್ಟರಲ್ಲಿ ಆ ಕಟಕಟೆಗೆ ಬರುವವರ ಮುಖಗಳು ನನಗೆ ಪರಿಚಯವಾಗತೊಡಗಿದವು. ಯಾರ ತೋಟದಲ್ಲಿ ಕಳವಾಗಲಿ, ಯಾರ ಹಟ್ಟಿಯಿಂದ ಕುರಿ ಕಾಣೆಯಾಗಲಿ, ಬರುತ್ತಿದ್ದವರು ಊರಾಚೆಯ ಕೊರಮರ ಗುಡಿಸಲುಗಳವರು, ಇಲ್ಲವೇ ಹೊಲಗೇರಿಯವರು. ಬ್ರಿಟಿಷರ ಕಾಲದಲ್ಲಿ ಕೊರಮರು ಹುಟ್ಟಿನಿಂದಲೇ ಕಳ್ಳರೆಂದು ಒಂದು ಕಾನೂನಿತ್ತಂತೆ. ಕಾನೂನು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಠಾಣೆಯವರ ಬಾಯಲ್ಲಿ ಮಾತ್ರ ಅವರೆಲ್ಲ ಇನ್ನೂ 'ಹಳೇ ಕೇಡಿ'ಗಳೇ.

ಮಾವಿನ ಸುಗ್ಗಿಯ ಒಂದು ಬೆಳಿಗ್ಗೆ ಅಂಥ ಒಬ್ಬನನ್ನು ಕರೆತಂದರು. ಮೂವತ್ತರ ಆಸುಪಾಸಿನ ಆಳು, ಮಾವಿನ ಮಂಡಿಗೆ ಬಿದಿರಿನ ಮಂಕರಿ ಬುಟ್ಟಿಗಳನ್ನು ಹೆಣೆದುಕೊಡುತ್ತಿದ್ದವನು. ಒಬ್ಬ ಜಮೀನ್ದಾರರ ಬಾವಿಯಿಂದ ಪಂಪಿನ ಮೋಟಾರು ಕದ್ದನೆಂಬುದು ದೂರು. ಅವನ ಹೆಂಡತಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲ ಬಳಿ ನಿಂತಿದ್ದಳು. ಅವನು ಬಲಗೈಗೆ ಟವೆಲು ಸುತ್ತಿಕೊಂಡಿದ್ದ.

ಮ್ಯಾಜಿಸ್ಟ್ರೇಟರು ಹೊಸಬರು, ಬಿಜಾಪುರದ ಕಡೆಯವರು. ತೆಲುಗು ಒಂದಕ್ಷರವೂ ಬಾರದು. ಅವರು ಕೇಳಿದಾಗ ಆ ಮನುಷ್ಯ ಸಣ್ಣ ದನಿಯಲ್ಲಿ, "ನಾ ಚೆಯ್ಯಿ ಇರಗ್ಗೊಟ್ನಾರು ಸಾಮೀ. ನೇನು ಮೋಟಾರೇ ಚೂಳ್ಳೇದು" ಎಂದ.

"ಏನಂತಾನ್ರೀ ಅವ?"

"ತಪ್ಪಾಯ್ತು, ಇನ್ಮೇಲೆ ಮಾಡಲ್ಲ ಅಂತಾನೆ ಸ್ವಾಮಿ" ಎಂದರು ಅವನನ್ನು ಕರೆತಂದಿದ್ದ ಠಾಣೆಯ ದಫೇದಾರರು.

ನಮ್ಮ ಮನೆಯಲ್ಲಿ ಆಡುವುದು ಕನ್ನಡವಾದರೂ ಬೀದಿಯಲ್ಲೆಲ್ಲ ತೆಲುಗು; ಕುಂಟೆಬಿಲ್ಲೆ ಆಡುತ್ತಲೇ ಕಲಿತದ್ದು. ನಾನು ಎದ್ದು ನಿಂತೆ. ಏಳಬೇಕೆಂದು ಯೋಚಿಸಿ ಎದ್ದದ್ದಲ್ಲ.

"ಸಾರ್, ಅವನು ಹಾಗೆ ಹೇಳ್ಲಿಲ್ಲ."

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ಮತ್ತೇನಂದ? ನೀವ ಹೇಳ್ರಿ."

"ಕೈ ಮುರಿದಿದಾರೆ ಅಂದ. ಮೋಟಾರನ್ನ ನೋಡೇ ಇಲ್ಲ ಅಂದ."

ಅವರು ಅವನನ್ನು ಹತ್ತಿರ ಕರೆಸಿ ಟವೆಲು ಬಿಚ್ಚಿಸಿದರು. ಬೆರಳುಗಳು ಊದಿ ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಂದಿನ ದಿನವಷ್ಟೇ ಹಿಡಿದದ್ದು ಎಂದು ದಫೇದಾರರು ಹೇಳಿದ್ದರು. ಆಸ್ಪತ್ರೆಗೆ ಕಳಿಸಿದಾಗ, ಇದು ಅದಕ್ಕಿಂತ ಹಳೆಯ ಪೆಟ್ಟು, ಮೂಳೆ ವಕ್ರವಾಗಿಯೇ ಕೂಡಿಕೊಳ್ಳತೊಡಗಿದೆ ಎಂದು ಡಾಕ್ಟರು ಬರೆದುಕೊಟ್ಟರು. ಹಿಡಿದ ಮೇಲೆ ಎಷ್ಟೋ ದಿನ ಠಾಣೆಯಲ್ಲೇ ಇಟ್ಟುಕೊಂಡಿದ್ದರೆಂಬುದು ಅದರಿಂದ ಬಯಲಾಯಿತು.

ಆಮೇಲೆ ಜಾಮೀನಿನ ಮಾತು ಬಂತು. ಪಹಣಿ ಇರುವ, ಎಂದರೆ ಹೆಸರಿನಲ್ಲಿ ಜಮೀನಿರುವ ಒಬ್ಬರು ಬಂದು ಹೊಣೆ ನಿಲ್ಲಬೇಕು. ಅದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. ಹೆಂಡತಿಯನ್ನು ಕರೆದು ಕೇಳಿದರು. ಅವಳು ಕನ್ನಡದಲ್ಲೇ ಹೇಳಿದಳು: "ನಮ್ಗೆ ಯಾರು ನಿಲ್ತಾರೆ ಸಾಮಿ? ಭೂಮಿ ಇರೋರೇ ಅಲ್ವಾ ಇವ್ನ ಹಿಡಿಸ್ಕೊಟ್ಟಿದ್ದು?"

ಮ್ಯಾಜಿಸ್ಟ್ರೇಟರು, ಕರೆದ ದಿನ ಬರುತ್ತೇನೆಂಬ ಅವನದೇ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿದರು. ಹಿರಿಯ ವಕೀಲರೊಬ್ಬರು, "ಹಿಂಗಾದ್ರೆ ನಾಳೆ ಒಬ್ನೂ ಕೈಗೆ ಸಿಗಲ್ಲ" ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದರು.

ಸಂಜೆ ಬಸ್ಸಿಗೆ ಹೊರಟಾಗ ದಫೇದಾರರು ಜಗುಲಿಯ ಮೇಲಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮ್ಮ ತಂದೆಯೋರು ಇದೇ ಕೋರ್ಟಲ್ಲಿ ಅಷ್ಟು ವರ್ಷ ಇದ್ರು ಅಮ್ಮಾವ್ರೇ. ಒಂದು ದಿನಾನೂ ಹಿಂಗೆ ಎದ್ದು ನಿಂತೋರಲ್ಲ."

ನಾನು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದೆ.

"ಅವ್ರಿಗೂ ತೆಲುಗು ಚೆನ್ನಾಗೇ ಬರ್ತಿತ್ತು" ಎಂದರು.

ಬಸ್ಸಿನಲ್ಲಿ ಇಡೀ ದಾರಿ ಆ ಮಾತು ನನ್ನ ಜೊತೆ ಬಂತು. ಅಪ್ಪ ಮೆದು ಮನುಷ್ಯರು. ಮನೆಯಲ್ಲಿ ಯಾರ ಮೇಲೂ ದನಿ ಏರಿಸಿದವರಲ್ಲ. ಊಟಕ್ಕೆ ಕೂತಾಗ ಕೆಲವು ದಿನ ಅನ್ನ ಕಲಸಿಕೊಂಡು ಹಾಗೆಯೇ ಕೂತಿರುತ್ತಿದ್ದರು. ಯಾಕೆಂದು ನಾವು ಕೇಳಿದ್ದಿಲ್ಲ.

ಸುದ್ದಿ ಮುಳಬಾಗಿಲಿಗೂ ಮುಟ್ಟಿತು. ಸೋದರಮಾವ ಬಂದು ಕೂಗಾಡಿದರು: "ಏನೇ, ಕಳ್ಳರ ಪರ ಸಾಕ್ಷಿ ಹೇಳೋಕೆ ಶುರು ಮಾಡಿದ್ಯಂತೆ? ನಾಳೆ ಯಾವ ಮನೆಯವರು ನಿನ್ನ ತಂದ್ಕೋತಾರೆ?" ಅವರು ಹೋದ ಮೇಲೆ ಅಮ್ಮ ಕೇಳಿದಳು: "ಅವನ ಕೈ ನಿಜವಾಗ್ಲೂ ಮುರಿದಿತ್ತೇನೇ?"

"ಹೂಂ ಅಮ್ಮ."

"ಸರಿ. ಮಾವನಿಗೆ ಎದುರುತ್ತರ ಕೊಡೋಕೆ ಹೋಗ್ಬೇಡ" ಎಂದು ಒಳಗೆ ಹೋದಳು.

ಅಂದಿನಿಂದ ಆ ಕೋರ್ಟಿನಲ್ಲಿ ಪೊಲೀಸರು ಆರೋಪಿಯ ಮಾತನ್ನು ತರ್ಜುಮೆ ಮಾಡುವುದು ನಿಂತಿತು. ತೆಲುಗಿನವರು ಬಂದರೆ ಮ್ಯಾಜಿಸ್ಟ್ರೇಟರು ನನ್ನ ಕಡೆ ನೋಡುವರು, ನಾನು ಏಳುವೆನು. ಯಾವಾಗ ಹಿಡಿದರು, ಎಲ್ಲಿಟ್ಟಿದ್ದರು, ಹೊಡೆದರೇ ಎಂದು ಪ್ರತಿಯೊಬ್ಬರನ್ನೂ ಕೇಳುವರು. ಭೂಮಿ ಇಲ್ಲದವರನ್ನು ಮುಚ್ಚಳಿಕೆಯ ಮೇಲೆ ಬಿಟ್ಟರು. ಅವರಲ್ಲಿ ಹೆಚ್ಚಿನವರು ಕರೆದ ದಿನ ತಪ್ಪದೆ ಬಂದರು. ಓಡಿಹೋಗಲು ಅವರಿಗೆ ಬೇರೆ ಜಾಗವಾದರೂ ಎಲ್ಲಿತ್ತು?

ಮುಂದಿನ ಸುಗ್ಗಿಯ ಹೊತ್ತಿಗೆ ಕಟಕಟೆಗೆ ಬರುವ ಕೊರಮರು ಬಹಳ ಕಡಿಮೆಯಾದರು. ನನಗೆ ಒಳಗೊಳಗೇ ಹಿಗ್ಗು. ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಕೇಸಿನ ವಾಯಿದೆಯ ದಿನ ಗಂಡನ ಜೊತೆ ಬಂದಿದ್ದ ಆ ಬುಟ್ಟಿ ಹೆಣೆಯುವವನ ಹೆಂಡತಿಯನ್ನು ಜಗುಲಿಯಲ್ಲಿ ಮಾತಾಡಿಸಿದೆ.

"ಈಗ ನಿಮ್ಮವರನ್ನ ಹಿಡಿಯೋದು ನಿಂತಿದೆಯಲ್ಲಮ್ಮ?"

ಅವಳು ನನ್ನ ಮುಖ ನೋಡಿದಳು. "ಹಿಡೀತಾನೇ ಅವ್ರೆ ಅಮ್ಮಾ. ಕೋರ್ಟಿಗೆ ತರಲ್ಲ ಅಷ್ಟೇ. ಠಾಣೆ ಹಿಂದ್ಗಡೆ ಕೂಡಾಕ್ತಾರೆ, ಒದ್ದೆ ಗೋಣಿ ಸುತ್ತಿ ಹೊಡೀತಾರೆ, ಗುರ್ತು ಬೀಳಲ್ಲ. ಆಮೇಲೆ ಬಿಡ್ತಾರೆ."

ನಾನು ಅದನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸಿದೆ. ಅವರು ತಾವೇ ಠಾಣೆಗೆ ಹೋದರು. ಠಾಣೆ ಗುಡಿಸಿ ಸಾರಿಸಿದಂತಿತ್ತು. ಹಿಂದಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಆ ವರ್ಷವೇ ಅವರಿಗೆ ವರ್ಗವಾಯಿತು. ಹೋಗುವ ದಿನ, "ಇಷ್ಟಽ ಆತು ನೋಡ್ರಿ ನನ್ ಕೈಲೆ" ಎಂದರು.

ಮೋಟಾರು ಸಿಕ್ಕಿತು. ಜಮೀನ್ದಾರರ ಭಾವಮೈದುನನ ಬಾವಿಯಲ್ಲೇ ಅದು ಓಡುತ್ತಿತ್ತು. ಪಾಲಿನ ಜಗಳದಲ್ಲಿ ಅವನೇ ಬಿಚ್ಚಿಕೊಂಡು ಹೋಗಿದ್ದ. ಅವನ ಮೇಲೆ ಕೇಸಾಗಲಿಲ್ಲ. ದೊಡ್ಡವರು ಠಾಣೆಯಲ್ಲಿ ಕೂತು, ಕಾಫಿ ತರಿಸಿಕೊಂಡು, ಮನೆಯ ವಿಷಯ ಮನೆಯಲ್ಲೇ ಇರಲಿ ಎಂದು ರಾಜಿಯಾದರು. ಬುಟ್ಟಿ ಹೆಣೆಯುವವನ ಕೇಸು ಮಾತ್ರ ಅದಾದ ಮೇಲೂ ವಾಯಿದೆಯಿಂದ ವಾಯಿದೆಗೆ ಎಳೆಯಿತು. ಕೊನೆಗೆ ಸಾಕ್ಷ್ಯವಿಲ್ಲವೆಂದು ಬಿಡುಗಡೆಯಾದಾಗ ಆ ತೀರ್ಪನ್ನು ಟೈಪು ಮಾಡಿದವಳು ನಾನೇ. ಅವನ ಕೈಯ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ದಫೇದಾರರು ಬೇರೆ ಠಾಣೆಗೆ ಹೋಗಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ನನ್ನನ್ನು ಮಾಲೂರಿಗೆ ಹಾಕಿದರು. ಎಂಬತ್ತರ ದಶಕದ ನಡುವಿನಲ್ಲೊಮ್ಮೆ ಕೋಲಾರದ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು "ಅಮ್ಮಾ" ಎಂದು ಕೂಗಿದಳು. ಅವಳೇ, ಬುಟ್ಟಿ ಹೆಣೆಯುವವನ ಹೆಂಡತಿ. ತುಂಬ ಸೊರಗಿದ್ದಳು. ಅವರು ಗಡಿ ದಾಟಿ ಮದನಪಲ್ಲಿಯ ಕಡೆ ಹೋಗಿ ನೆಲೆಸಿದ್ದರಂತೆ. ಗಂಡನ ಬಲಗೈಗೆ ಮಚ್ಚು ಹಿಡಿಯಲಾಗದು. ಬಿದಿರು ಸೀಳುವುದೂ ಹೆಣೆಯುವುದೂ ಅವಳ ಪಾಲಿಗೇ ಬಿದ್ದಿತ್ತು. ಅವಳು ಹೆಣೆದದ್ದನ್ನು ಅವನು ಹೊತ್ತುಕೊಂಡು ಹೋಗಿ ಮಾರುತ್ತಿದ್ದ. ಈಗ ಅಲ್ಲಿ ಯಾರದೋ ಮನೆಯಲ್ಲಿ ಕಳವಾಗಿ ಪೊಲೀಸರು ಅವಳ ಮೈದುನನನ್ನು ಒಯ್ದಿದ್ದರು.

"ಅಲ್ಲಿ ಎಲ್ರೂ ತೆಲುಗೋರೇ ಅಲ್ವೇನಮ್ಮಾ, ಅವನು ಹೇಳೋದು ಅರ್ಥ ಆಗುತ್ತಲ್ಲ?" ಎಂದುಬಿಟ್ಟೆ.

"ಆಗದೇನು" ಎಂದಳು. "ಕೇಳ್ಬೇಕಲ್ಲ."

ನನಗೆ ಗೊತ್ತಿದ್ದ ವಕೀಲರೊಬ್ಬರು ಕೋಲಾರದಲ್ಲೇ ಇದ್ದರು. ಅವಳನ್ನು ಅವರ ಬಳಿ ಕರೆದುಕೊಂಡು ಹೋದೆ. ಆಂಧ್ರದ ಕೋರ್ಟಿನಲ್ಲಿ ತಾನು ಏನೂ ಮಾಡಲಾರೆ, ಅಲ್ಲಿನ ಪರಿಚಯದವರಿಗೆ ಹೇಳಿ ನೋಡುತ್ತೇನೆ ಎಂದರು ಅವರು. ಹೇಳಿದರು ಕೂಡ. ಮೈದುನ ಚಳಿಗಾಲ ಕಳೆದ ಮೇಲೆ ಹೊರಬಂದನೆಂದೂ, ಕೆಮ್ಮು ಹತ್ತಿಕೊಂಡು ಹಾಸಿಗೆ ಹಿಡಿದನೆಂದೂ ಅವರಿಂದಲೇ ತಿಳಿಯಿತು. ಆ ಹೆಂಗಸನ್ನು ನಾನು ಮತ್ತೆ ನೋಡಲಿಲ್ಲ.