ಹುಲ್ಲಿನ ತೆನೆಗೆ ಹಚ್ಚಿದ ಹಲಸಿನ ಮೇಣ

ನಂಬುವುದಿಲ್ಲ ಅನ್ನಿ, ನೋಡೋಣ! ಒಂದು ಹೊಸ ಹುಲ್ಲಿನ ತಳಿಯನ್ನು, ಅದು ಹುಟ್ಟುವ ಮೊದಲೇ, ಎಮ್ಮೆಗೆ ತಿನ್ನಿಸಿದ ಪಾಪಿ ನಾನು.

ತೊಂಬತ್ತರ ದಶಕ. ದಾಸನಕೊಪ್ಪದ ನನ್ನ ಹೊಲದ ಮೂಲೆಯಲ್ಲಿ ತಳಿ ತಜ್ಞೆಯೊಬ್ಬರು ಗಿನಿ ಹುಲ್ಲು ಬೆಳೆಸಿದ್ದರು. ಮೇವಿಗೆ ಬಂಗಾರ, ಬೀಜಕ್ಕೆ ಮಹಾ ಮೋಸ — ಬಲಿಯುವಷ್ಟರಲ್ಲಿ ಉದುರಿ ಮಣ್ಣುಪಾಲು! ಬೀಜ ಉದುರಿಸದ ಒಂದೇ ಬುಡ ಸಿಕ್ಕರೂ ಊರೂರಿಗೆ ಹಂಚಬಹುದೆಂದು ಅವರು ದಿನಾ ತೆನೆಯ ಕೆಳಗೆ ಮೊರ ಹಿಡಿದು, ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಸಿಗದಿದ್ದರೆ ಕೆಲಸವೇ ಬಂದ್ ಎಂದು ಮೇಲಿನವರು ಹೇಳಿಯಾಗಿತ್ತು.

ನನ್ನ ಕೈ ಸುಮ್ಮನಿರುತ್ತದೆಯೇ? ಹಲಸಿನ ಮರಕ್ಕೆ ಕತ್ತಿ ತಾಗಿಸಿ, ಮೇಣ ಇಳಿಸಿ, ಕೊಬ್ಬರಿ ಎಣ್ಣೆಯಲ್ಲಿ ತೆಳ್ಳಗೆ ಕಲಸಿ ಒಂದು ಬುಡದ ತೆನೆಗಳಿಗೆ ಬಳಿದೆ. ಏನು ಕೈಚಳಕ ಅಂತೀರಿ! ಇಬ್ಬನಿಯ ಹೊಳಪಿನಲ್ಲಿ ಅಂಟು ಯಾರ ಕಣ್ಣಿಗೂ ಬೀಳದು.

"ಗೌಡ್ರ, ಓಡಿ ಬರ್ರಿ! ಒಂದ್ ಕಾಳೂ ಉದುರವಲ್ದು!"

"ನಾ ಹೇಳಿದ್ರ ಹುಲ್ಲೂ ಕೇಳ್ತೇತ್ರಿ, ಅಕ್ಕಾರ."

"ಸಾಕ್ ಸುಮ್ನಿರ್ರಿ, ನಿಮ್ಮ ಎಮ್ಮೀನ ನಿಮ್ಮ ಮಾತ ಕೇಳೂದಿಲ್ಲ!" ಎಂದವರು ಮೊರ ತಲೆಯ ಮೇಲಿಟ್ಟು ಕುಣಿದೇಬಿಟ್ಟರು. ನಾನೂ ಕುಣಿದೆ. ಆಗಲೇ ಹೇಳಬೇಕಿತ್ತು — ಬಾಯಿ ತೆರೆದೆ ಕೂಡ... ಹೇಳುವ ಬದಲು, ನಾಳೆ ಮತ್ತೆ ತಟ್ಟುತ್ತಾರೆಂದು ಹೊಸ ತೆನೆಗಳಿಗೂ ಬಳಿದೆ.

ಅವರು ಆ ಬುಡವನ್ನೇ ಸೀಳಿ ನೆಡಲು ಇಟ್ಟುಕೊಂಡು, ಉಳಿದದ್ದನ್ನೆಲ್ಲ ಕೀಳಿಸಿ ನನ್ನ ಎಮ್ಮೆಗೆಂದು ಕೊಟ್ಟರು. ಕೊಟ್ಟಿಗೆಯಲ್ಲಿ ಒಂದೊಂದೇ ಬುಡ ಕೊಡವುತ್ತಿದ್ದೆ. ಒಂದು ಬುಡ — ದೇವರಾಣೆ — ಒಂದು ಕಾಳೂ ಉದುರಿಸಲಿಲ್ಲ. ಕಂಬಕ್ಕೆ ಬಡಿದೆ. ಉದುರಲಿಲ್ಲ! ಅವರು ಹುಡುಕಿದ ಹುಲ್ಲು, ಮೇಣವಿಲ್ಲದೆ, ನನ್ನ ಕೈಯಲ್ಲಿ! ಓಡಿಹೋಗಿ ಕೊಡಬಹುದಿತ್ತು; ಕೊಟ್ಟರೆ ನನ್ನ ಕಿತಾಪತಿಯೂ ಬಯಲು... ತೆನೆಯನ್ನು ಎಮ್ಮೆಯ ಮುಂದೆ ಹಾಕಿದೆ. ಬೇರನ್ನು ಗೊಬ್ಬರದ ಗುಂಡಿಗೆ ಎಸೆದೆ.

ಮರುವರ್ಷ ಅವರು ನೆಟ್ಟದ್ದರ ಬೀಜವೆಲ್ಲ ಗಾಳಿ ಬೀಸಿದ್ದೇ ತಡ, ಸುರಿದುಹೋಯಿತು. ಕೆಲಸ ನಿಂತಿತು. ಹೊರಡುವ ದಿನ ನಾನು ಎಲ್ಲ ಒಪ್ಪಿಕೊಂಡೆ. ಅವರು ನಕ್ಕು, ಬೆನ್ನಿಗೊಂದು ಗುದ್ದಿ ಬಸ್ ಹತ್ತಿದರು.

ಇಷ್ಟು ಹೇಳಿದ್ದರಲ್ಲಿ ಸುಳ್ಳು ಒಂದೇ — ಆ ಕೊನೆಯ ಮಾತು. ನಾನು ಒಪ್ಪಿಕೊಳ್ಳಲಿಲ್ಲ. ಅವರು ಬಸ್ಸಿನ ಕಿಟಕಿಯಿಂದ, "ಖರೇ ಹೇಳ್ರಿ ಗೌಡ್ರ, ನಾ ಎಲ್ಲಿ ತಪ್ಪಿದೆ?" ಎಂದು ಕೇಳಿದರು.

ನಾನು ಹುಲ್ಲನ್ನು ಬೈದೆ.