ಮಳೆಗಾಲದ ಅಳತೆಗೆ ಕಟ್ಟಿದ ಪ್ಯಾನೆಲ್

ಶೆಟ್ಟಿಕೊಪ್ಪದ ದೇವರಾಜನ ಬಗ್ಗೆ ಊರಿನವರು ಬಾಯಿಗೆ ಬಂದಂತೆ ಮಾತಾಡುತ್ತಾರೆ. ಪಕ್ಕದ ಮನೆಯವನಾದ ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತದೆ. ಅದಕ್ಕೇ ನಡೆದದ್ದನ್ನು ಹೇಳಿಬಿಡುತ್ತೇನೆ.

ದೇವರಾಜ ತೋಟದ ಕೂಲಿ. ಬಿಡುವಿದ್ದಾಗ ಅವರಿವರ ಮನೆಗೆ ವೈರಿಂಗ್ ಮಾಡುತ್ತಿದ್ದ. ಹೆಂಡತಿ ಮಾಲತಿ ಯಾರ್ಯಾರದೋ ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆಯ ಮುಂದೆ ಹೊಗೆ ಕುಡಿದೂ ಕುಡಿದೂ ಶ್ವಾಸಕೋಶ ಕಳೆದುಕೊಂಡಿದ್ದಳು. ಹಗಲೂ ರಾತ್ರಿ ಮೂಗಿಗೆ ನಳಿಕೆ, ಮಂಚದ ಪಕ್ಕದಲ್ಲಿ ಆಕ್ಸಿಜನ್ ಮೆಷಿನ್. ಅದು ಓಡಲು ಕರೆಂಟ್ ಬೇಕು. ನಮ್ಮ ಕಡೆಯ ಕರೆಂಟಿನ ಕಥೆ ಕೇಳಲೇಬೇಡಿ.

ಹಾಗಾಗಿ ಅವನೇ ಮಾಡಿನ ಮೇಲೆ ಎರಡು ಸೋಲಾರ್ ಪ್ಯಾನೆಲ್ ಕೂರಿಸಿದ, ಒಳಗೆ ಬ್ಯಾಟರಿ ಇಟ್ಟ, ನಡುವೆ ಪ್ಯಾನೆಲ್ಲಿನ ಕರೆಂಟನ್ನು ಹದವಾಗಿ ಬ್ಯಾಟರಿಗೆ ಬಿಡುವ ಚಾರ್ಜ್ ಕಂಟ್ರೋಲರ್ ಹಾಕಿದ. ಆಷಾಢದ ಮೋಡಕ್ಕೆ ಬ್ಯಾಟರಿ ಅರ್ಧವೂ ತುಂಬಲಿಲ್ಲ. ನಾವು ಏನು ಮಾಡಿದರೂ ಮಳೆಗಾಲದ ಅಳತೆಗೇ ಮಾಡುವವರು. ಮಾಡಿನ ಇಳಿಜಾರು, ಚರಂಡಿ, ಸೌದೆ ಕೊಟ್ಟಿಗೆ ಎಲ್ಲವೂ ಮಳೆಯನ್ನು ನೆನೆದೇ ಕಟ್ಟುವುದು. ಅವನೂ ಹಾಗೇ ಮಾಡಿದ. ಮೂರನೆಯ ಪ್ಯಾನೆಲ್ ತಂದು ಅದೇ ಸಾಲಿಗೆ ಸೇರಿಸಿದ. ಸಾಲಿನಲ್ಲಿ ಸೇರಿಸಿದಷ್ಟೂ ವೋಲ್ಟ್ ಏರುತ್ತದೆ. ಕಂಟ್ರೋಲರ್ ತಡೆದುಕೊಳ್ಳುವುದು ಅರವತ್ತು ವೋಲ್ಟ್ ಮಾತ್ರ, ಮೀರಿದರೆ ಸುಟ್ಟುಹೋಗುತ್ತದೆ. ಮೋಡದಲ್ಲಿ ಮೀಟರ್ ಹಿಡಿದರೆ ಐವತ್ತೈದು ತೋರಿಸಿತು. ಸಾಕು ಅಂದುಕೊಂಡ. ಆ ಮಳೆಗಾಲ ಪೂರ್ತಿ ಮಾಲತಿ ಉಸಿರಾಡಿದ್ದು ಅದರಿಂದಲೇ. ಈಗ ಮಾತಾಡುವ ಬಾಯಿಗಳಿಗೆ ಅದು ನೆನಪಿಲ್ಲ.

ಚಳಿಯಲ್ಲಿ ಬಿಸಿಲು ಬಿದ್ದಾಗ ಪ್ಯಾನೆಲ್ಲಿನ ವೋಲ್ಟ್ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ಲೈನ್ ಕೆಟ್ಟು ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಮೆಷಿನ್ ಬ್ಯಾಟರಿಯಲ್ಲೇ ಓಡಿತು. ಬೆಳಿಗ್ಗೆಯೂ ಬರಲಿಲ್ಲ, ಆದರೆ ಆಕಾಶ ತೊಳೆದಿಟ್ಟಂತೆ ಇತ್ತು. ದೇವರಾಜ ನೆಮ್ಮದಿಯಿಂದ ನರಸಿಂಹರಾಜಪುರಕ್ಕೆ ವೈರಿಂಗ್ ಕೆಲಸಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಮಗಳು ರೇಖಾ ಫೋನ್ ಮಾಡಿದಳು. ಕಂಟ್ರೋಲರಿನ ದೀಪ ಆರಿದೆ, ಸ್ವಿಚ್ ತೆಗೆದು ಹಾಕಿದರೂ ಹತ್ತುತ್ತಿಲ್ಲ, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲೇ ಎಂದು ಕೇಳಿದಳು.

"ಬಿಸಿಲು ಬಂತಲ್ಲ ಮಗಾ, ತನ್ನಿಂತಾನೇ ಚಾರ್ಜ್ ಆಗ್ತದೆ. ಸ್ವಲ್ಪ ಕಾಯಿ" ಅಂದ.

ಆ ಬಿಸಿಲಿಗೇ ಕಂಟ್ರೋಲರ್ ಸುಟ್ಟುಹೋಗಿತ್ತು. ರೇಖಾ ಕಾದಳು. ಬ್ಯಾಟರಿ ಖಾಲಿಯಾಗಿ ಮೆಷಿನ್ ನಿಂತ ಮೇಲೆ ನನ್ನನ್ನು ಕೂಗಿದಳು. ಜೀಪು ಹಿಡಿದು ಕೊಪ್ಪದ ಆಸ್ಪತ್ರೆ ಕಡೆ ಹೊರಟೆವು. ದಾರಿಯಲ್ಲೇ ಮಾಲತಿ ಹೋದಳು.

ಹೆಣ ಅಂಗಳದಲ್ಲಿದ್ದಾಗ ರೇಖಾ ಒಂದೇ ಮಾತು ಹೇಳುತ್ತಿದ್ದಳು, ನಾನು ಆ ಸ್ವಿಚ್ ಮುಟ್ಟಬಾರದಿತ್ತು ಅಂತ. ಹೆಂಗಸರು ವಿಧಿ ಎಂದು ಸಮಾಧಾನ ಮಾಡುತ್ತಿದ್ದರು. ದೇವರಾಜ ಎದ್ದು ಬಂದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ನೀ ಮುಟ್ಟಿದ್ದಕ್ಕಲ್ಲ. ನಾ ಕಟ್ಟಿದ್ದೇ ತಪ್ಪು. ಕಾಯಿ ಅಂದಿದ್ದೂ ನಾನೇ."

ಎಲ್ಲರೂ ಕೇಳಿಸಿಕೊಂಡರು. ಹೆಂಡತಿಯನ್ನು ಕೊಂದವನು ಎಂಬ ಮಾತು ಊರಿಗೆ ಸಿಕ್ಕಿದ್ದು ಅಲ್ಲಿಂದಲೇ. ರೇಖಾ ಈಗ ಶೃಂಗೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಅಪ್ಪನ ಮುಖ ನೋಡುವುದಿಲ್ಲ.

ನಾನು ಸಿಟ್ಟಿನಲ್ಲಿ ಅವನನ್ನು ಬೈದೆ. ಮೆಷಿನ್ ಕೆಟ್ಟಿತು ಅಂದಿದ್ದರೆ ಮುಗಿಯುತ್ತಿತ್ತು, ಮಗಳಾದರೂ ನಿನ್ನ ಜೊತೆ ಉಳಿಯುತ್ತಿದ್ದಳು ಅಂದೆ. ಅವನು ಅಂದದ್ದು ಇಷ್ಟೇ.

"ಅವಳಿನ್ನೂ ಎಷ್ಟು ವರ್ಷ ಬಾಳ್ಬೇಕು ಮಾರಾಯ. ಅಮ್ಮನ್ನ ನಾನೇ ಕೊಂದೆ ಅಂದ್ಕಂಡು ಬಾಳ್ಬೇಕಾ?"