ನಳಿಗೆಯಲ್ಲಿ ಉಳಿದ ಗುಂಡು

ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿದ್ದ ಕೋವಿ ರಿಪೇರಿ ಅಂಗಡಿ ಕಣ್ಣೆದುರು ಬಂತು... ಅಂಗಡಿಯ ಸಾಹೇಬರೂ.

ಎಂಬತ್ತರ ದಶಕದ ಆರಂಭ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಟೀಚರ್. ಕಾಲೇಜಿನ ಎನ್‌ಸಿಸಿಯಲ್ಲಿ ಹತ್ತಿದ ಗುರಿ ಹೊಡೆಯುವ ಹುಚ್ಚು ಇನ್ನೂ ಬಿಟ್ಟಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ರೈಫಲ್ಲಿನ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡಾಗ ಊರು ನಕ್ಕಿತು. ಸಾಹೇಬರು ನಗಲಿಲ್ಲ. ಸವೆದ ನಳಿಗೆ ತೆಗೆದು ಬೇರೆಯದನ್ನು ಕೂರಿಸಿದರು. ತೋಟಾ ಕೂರುವ ಗೂಡನ್ನು ವಾರಗಟ್ಟಲೆ ಕೈಯಲ್ಲೇ ಕೊರೆದು, ತೋಟಾಗಳನ್ನೂ ಅದರ ಅಳತೆಗೇ ತುಂಬಿಕೊಟ್ಟರು. ತೋಟಾದ ಬಾಯಲ್ಲಿ ಗುಂಡು ಎಷ್ಟು ಒಳಗೆ ಕೂತಿದೆ ಎನ್ನುವುದರ ಮೇಲೆಯೇ ಗುರಿ ನಿಂತಿದೆ ಎನ್ನುತ್ತಿದ್ದರು. ಕೂದಲೆಳೆಯಷ್ಟು ಹೊರಗುಳಿದರೂ ನಳಿಗೆಗೆ ಕಚ್ಚುತ್ತದೆ...

ಶಿವಮೊಗ್ಗದ ಸ್ಪರ್ಧೆಗೆ ಹತ್ತು ದಿನವಿತ್ತು. ಕಮ್ಮರಡಿ ದಾರಿಯ ಪಾಳುಬಿದ್ದ ಕಲ್ಲುಕ್ವಾರಿಗೆ ಬೆಳಿಗ್ಗೆಯೇ ಪರೀಕ್ಷೆಗೆ ಹೋದೆವು. ನಾಲ್ಕು ಗುಂಡು ಗುರಿಹಲಗೆಯ ಮೇಲೆ ಒತ್ತೊತ್ತಾಗಿ ಬಿದ್ದವು. ಐದನೆಯದಕ್ಕೆ, ತೋಟಾವನ್ನು ಗೂಡಿಗೆ ತಳ್ಳುವ ಬೋಲ್ಟ್ ಬಿಗಿಯಾಯಿತು. ಅಷ್ಟರಲ್ಲಿ ಕ್ವಾರಿಯ ಮೇಲೆ ಹುಲ್ಲುಹೊರೆ ಹೊತ್ತ ಹೆಂಗಸೊಬ್ಬಳು ಕಂಡಳು.

“ತಡೀರಿ, ತೋಟಾ ತೆಗೀರಿ,” ಎಂದರು ಸಾಹೇಬರು.

ಬೋಲ್ಟ್ ಎಳೆದೆ. ಹಿತ್ತಾಳೆಯ ಕೇಸು ಮಾತ್ರ ಬಂತು. ಮದ್ದಿನ ಕಾಳು ಮಣಿಕಟ್ಟಿನ ಮೇಲೆ ಚೆಲ್ಲಿತು. ಗುಂಡು ಹುಲ್ಲಿನಲ್ಲಿ ಬಿದ್ದಿರಬೇಕು ಎಂದುಕೊಂಡೆ. ಹೆಂಗಸು ಮರೆಯಾದಳು. ಇನ್ನೊಂದು ತೋಟಾ ಇಟ್ಟೆ. ಬೋಲ್ಟ್ ಅರ್ಧಕ್ಕೇ ನಿಂತಿತು. ಅಂಗೈ ಊರಿ ಒತ್ತಿದೆ.

“ಕೈ ತೆಗೀರಿ ಟೀಚರ್!”

ಅವರು ಕಿರುಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ರೈಫಲ್ ಕಿತ್ತುಕೊಂಡು, ತೋಟಾ ಹೊರಗೆ ತೆಗೆದು, ನಳಿಗೆಯ ತುದಿಯಿಂದ ತೆಳುವಾದ ಸರಳು ಇಳಿಸಿದರು. ಸರಳು ಪೂರ್ತಿ ಇಳಿಯಲಿಲ್ಲ. ಗುಂಡು ಒಳಗೇ ಕಚ್ಚಿಕೊಂಡಿತ್ತು. ಅದರ ಹಿಂದೆ ಇನ್ನೊಂದನ್ನು ಹಾರಿಸಿದ್ದರೆ ನಳಿಗೆ ನನ್ನ ಮುಖದೆದುರೇ ಸಿಡಿಯುತ್ತಿತ್ತು.

ಕಲ್ಲಿನ ಮೇಲೆ ಕೂತು ಉಳಿದ ತೋಟಾಗಳನ್ನು ಒಂದೊಂದಾಗಿ ಅಳತೆಯ ತಗಡಿಗೆ ಹಿಡಿದರು. ಮೂರರಲ್ಲಿ ಗುಂಡು ಹೊರಗೆ ಚಾಚಿತ್ತು.

“ಕಣ್ಣಿಗೆ ಪೊರೆ ಬಂದು ವರ್ಷ ಆಯ್ತು,” ಎಂದರು. “ಯಾರಿಗೂ ಹೇಳ್ಲಿಲ್ಲ. ಕೈಗೆ ಗೊತ್ತಾಗತ್ತೆ ಅಂದ್ಕೊಂಡಿದ್ದೆ.”

“ನಾನೂ ಯಾರಿಗೂ ಹೇಳೋಲ್ಲ ಸಾಹೇಬ್ರೆ.”

“ಅದಲ್ಲಮ್ಮ. ನನ್ನ ತೋಟಾ ಇನ್ನೂ ಎಷ್ಟು ಮನೇಲಿದಾವೋ.”

ಮರುದಿನವೇ ಅಂಗಡಿ ಮುಚ್ಚಿದರು. ತಾವು ತುಂಬಿಕೊಟ್ಟ ತೋಟಾಗಳನ್ನು ವಾಪಸ್ ತರಲು ಬಸ್ಸು ಹತ್ತಿ ಊರೂರು ತಿರುಗಿದರು. ಒಂದು ಭಾನುವಾರ ನರಸಿಂಹರಾಜಪುರಕ್ಕೆ ನಾನೂ ಜೊತೆಗೆ ಹೋದೆ.

ಜಗಲಿಯಲ್ಲಿ ಕೂತಿದ್ದ ಹಳೆಯ ಗಿರಾಕಿಯೊಬ್ಬರು ನಕ್ಕರು. “ಕಣ್ಣು ಹೋಯ್ತು ಅಂತ ನೀವೇ ಸಾರ್ಕೊಂಡು ಬರ್ತಿದೀರಲ್ಲ ಮಾರಾಯ್ರೆ, ಮುಂದೆ ಯಾರು ಕೆಲ್ಸ ಕೊಡ್ತಾರೆ?”

ಸಾಹೇಬರು ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ನನ್ನ ಕಡೆ ನೋಡಿ, “ಈ ಮಗು ನನ್ನ ತಪ್ಪಿಗೆ ಸಾಯ್ತಿತ್ತು,” ಎಂದರು. ಗಿರಾಕಿ ಎದ್ದು ಒಳಗೆ ಹೋಗಿ ತೋಟಾ ತಂದುಕೊಟ್ಟರು. ನಾನು ತಲೆ ತಗ್ಗಿಸಿ ನಿಂತಿದ್ದೆ.

ಆ ಅಂಗಡಿ ಮತ್ತೆ ತೆರೆಯಲಿಲ್ಲ. ನನಗೆ ವರ್ಗವಾಯಿತು. ಸಾಹೇಬರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎಷ್ಟೋ ತಿಂಗಳ ಮೇಲೆ...

ಬಿಗಿಯಾದರೆ ಒತ್ತಬಾರದು, ಗುಂಡು ಕಾಣದಿದ್ದರೆ ಮೊದಲು ನಳಿಗೆ ನೋಡಬೇಕು ಎಂದು ರೈಫಲ್ ಕೈಗೆ ಕೊಟ್ಟ ದಿನವೇ ಅವರು ಹೇಳಿಕೊಟ್ಟಿದ್ದರು. ಸ್ಪರ್ಧೆಯ ಆತುರದಲ್ಲಿ ನಾನದನ್ನು ಮರೆತದ್ದು ಅವರಿಗೂ ಗೊತ್ತಿತ್ತು. ಆದರೂ ಅವರು ಯಾರೆದುರೂ ಆ ಮಾತು ಎತ್ತಲಿಲ್ಲ. ಅರ್ಧ ತಪ್ಪು ನನ್ನದೂ ಎಂದು ಅವತ್ತು ಆ ಜಗಲಿಯಲ್ಲಿ ನಾನು ಬಾಯಿ ಬಿಡಬೇಕಿತ್ತು. ಈಗ ನನಗೂ ಆಗ ಅವರಿಗಿದ್ದಷ್ಟೇ ವಯಸ್ಸು. ಹೇಳುವ ಧೈರ್ಯ ಬಂದಿದೆ, ಕೇಳಿಸಿಕೊಳ್ಳಲು ಅವರಿಲ್ಲ.